47ಕ್ಕೆ ಪಿಟೀಲು ಹಿಡಿದೆ, ಎಂಟು ತಿಂಗಳಾದರೂ ಬಾಗಿಲು ಕಿರುಗುಟ್ಟಿದ ಹಾಗೇ ಕೇಳುತ್ತದೆ

ಬಿಜೈ ಬಾಲ್ಕನಿ:

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದವ ನಾನು. ಇವತ್ತು ತಡೆಯಲಿಕ್ಕಾಗದೆ ಬರೆಯುತ್ತಿದ್ದೇನೆ.

ನನಗೆ 47. ಮಂಗಳೂರಿನಲ್ಲಿ ಬ್ಯಾಂಕ್ ಕೆಲಸ. ಹೋದ ವಿಜಯದಶಮಿಗೆ ಪಿಟೀಲು ಪಾಠಕ್ಕೆ ಸೇರಿದೆ. ಕರ್ನಾಟಕ ಶೈಲಿ, ವಾರಕ್ಕೆ ಎರಡು ಕ್ಲಾಸು. ನನ್ನ ಜೊತೆ ಕೂರುವವರಲ್ಲಿ ದೊಡ್ಡವ ಎಂದರೆ ಎಂಟನೇ ಕ್ಲಾಸಿನ ಹುಡುಗ. ಚಿಕ್ಕವಳಿಗೆ ಏಳು ವರ್ಷ, ಅವಳದ್ದು ಕಾಲು ಸೈಜಿನ ಪಿಟೀಲು. ಅವಳು ಜಂಟಿವರಸೆ ಮುಗಿಸಿ ಅಲಂಕಾರಕ್ಕೆ ಹೋದಳು. ನಾನು ಅದಕ್ಕೂ ಹಿಂದಿನ ಪಾಠದಲ್ಲಿ, ಎಂಟನೆಯ ಸರಳೆಯಲ್ಲಿ ಕೂತಿದ್ದೇನೆ.

ಸಂಗೀತದ ಗಂಧ ಇಲ್ಲದವನಲ್ಲ. ಚಿಕ್ಕಂದಿನಿಂದ ಬೆಳಿಗ್ಗೆ ಆಕಾಶವಾಣಿ ಕೇಳಿ ಬೆಳೆದವ. ಉಡುಪಿ ರಾಜಾಂಗಣದಲ್ಲಿ ಒಳ್ಳೆಯ ಕಚೇರಿ ಉಂಟೆಂದರೆ ಬಸ್ಸು ಹತ್ತುವವ. ರಾಗ ಯಾವುದೆಂದು ಎರಡು ನಿಮಿಷದಲ್ಲಿ ಹೇಳುತ್ತೇನೆ, ಹೆಚ್ಚಾಗಿ ಸರಿಯೇ ಇರುತ್ತದೆ. ಆದರೆ ನನ್ನ ಕೈಯಿಂದ ಬರುವ ಷಡ್ಜ ಕೇಳಿದರೆ ನನಗೇ ಹಲ್ಲು ಜುಂ ಎನ್ನುತ್ತದೆ. ಮೇಲಿನ ಮನೆಯವರು ಲಿಫ್ಟಿನಲ್ಲಿ ಸಿಕ್ಕಿ "ನಿಮ್ಮ ಮಿಕ್ಸಿ ಹಾಳಾಗಿದೆಯಾ?" ಎಂದು ಕೇಳಿದರು. ತಮಾಷೆಗೆ ಕೇಳಿದರೋ, ನಿಜವಾಗಿಯೂ ಕೇಳಿದರೋ ಇನ್ನೂ ಗೊತ್ತಾಗಿಲ್ಲ.

ಮೂರು ಪ್ರಶ್ನೆ. ಈ ವಯಸ್ಸಿಗೆ ಬೆರಳು ತಿರುಗುತ್ತದಾ? ಬೆರಳಿಡುವ ಜಾಗಕ್ಕೆ ಸ್ಟಿಕ್ಕರ್ ಅಂಟಿಸಬಹುದಾ? ಮತ್ತೆ, ಮಳೆ ಶುರುವಾದ ಮೇಲೆ ಬಿರಡೆ (ತಂತಿ ಬಿಗಿಯುವ ಮರದ ಗೂಟ) ಕಲ್ಲಿನ ಹಾಗೆ ಕೂತಿದೆ, ಅಲ್ಲಾಡುವುದೇ ಇಲ್ಲ. ಇಕ್ಕಳ ಹಾಕಿ ತಿರುಗಿಸಲಾ?

ಸುಮ್ನೆ ಓದುಗ:

ಇಕ್ಕಳ ಮಾತ್ರ ಹಾಕಬೇಡಿ ಮಾರಾಯ್ರೆ. ಉಳಿದದ್ದಕ್ಕೆ ಗೊತ್ತಿದ್ದವರು ಬಂದು ಹೇಳುತ್ತಾರೆ.

ಮಣಿಪಾಲದ ಮಳೆ:

ನಾನು 39ಕ್ಕೆ ಶುರು ಮಾಡಿದವಳು. ಈಗ ಆರು ವರ್ಷ ಆಯಿತು. ಸರಳೆ, ಅಲಂಕಾರ ಎಲ್ಲ ದಾಟಿ ವರ್ಣ ನುಡಿಸುತ್ತೇನೆ, ಯಾರಾದರೂ ಎದುರು ಕೂತರೆ ಕೈ ನಡುಗುತ್ತದೆ. ಹಾಗಾಗಿ ಇದನ್ನು ದೊಡ್ಡವರ ಮಾತು ಎಂದುಕೊಳ್ಳಬೇಡಿ. ನಿಮಗಿಂತ ಐದು ವರ್ಷ ಮೊದಲು ಅದೇ ಹೊಂಡಕ್ಕೆ ಬಿದ್ದವಳ ಮಾತು.

ಆ ಪುಟ್ಟ ಹುಡುಗಿ ಬೇಗ ಮುಂದೆ ಹೋದದ್ದು ಬೆರಳು ಎಳೆಯದು ಅಂತ ಮಾತ್ರ ಅಲ್ಲ. ಅವಳ ಅಪಸ್ವರ ನಿಮಗೆ ಕೇಳಿಸಿದಷ್ಟು ಅವಳಿಗೆ ಕೇಳಿಸುವುದಿಲ್ಲ. ಕೇಳಿಸಿದರೂ ಮನೆಗೆ ಹೋಗಿ ತಿಂಡಿ ತಿಂದು ಮರೆಯುತ್ತಾಳೆ. ನಿಮ್ಮ ಕಿವಿಗೆ 40 ವರ್ಷದ ರೂಢಿ, ಕೈಗೆ ಎಂಟು ತಿಂಗಳದ್ದು. ಕಿವಿ ಬೈಯುತ್ತಲೇ ಇರುತ್ತದೆ, ಕೈ ಹೆದರಿ ಬಿಗಿಯುತ್ತದೆ. ನನ್ನದೂ ಇದೇ ಗೋಳು ಆಗಿತ್ತು. ಒಂದು ಸ್ವರ ತಪ್ಪಿದ ಕೂಡಲೇ ನಿಲ್ಲಿಸುವುದು, ಮುಖ ಸಿಂಡರಿಸುವುದು, ಮತ್ತೆ ಮೊದಲಿನಿಂದ. ಒಂದು ಗಂಟೆ ಕೂತರೂ ಸರಿಗ, ಸರಿಗ, ಸರಿಗ. ಮಧ್ಯಮದ ಮುಖ ನೋಡಿದ್ದೇ ಕಡಿಮೆ. ಕೊನೆಗೆ ಟೀಚರ್ ಒಂದು ಕಟ್ಟು ಹಾಕಿದರು: ಏನೇ ತಪ್ಪಿದರೂ ತಾಳ ಬಿಡಬಾರದು, ಬೈದುಕೊಳ್ಳುವುದಿದ್ದರೆ ಸಾಲು ಮುಗಿದ ಮೇಲೆ ಬೈದುಕೊಳ್ಳಿ. ಕೇಳಲಿಕ್ಕೆ ಸುಲಭ, ಮಾಡಲಿಕ್ಕೆ ನನಗೆ ಆರು ತಿಂಗಳು ಬೇಕಾಯಿತು.

ನೀವು ಕೇಳದ ಒಂದು ವಿಷಯ ಹೇಳುತ್ತೇನೆ. ಕಾಲು. ಚಕ್ಕಳಮಕ್ಕಳ ಹಾಕಿ, ಪಿಟೀಲಿನ ತಲೆಯನ್ನು ಬಲ ಪಾದದ ಗಂಟಿನ ಮೇಲಿಟ್ಟು, ಇನ್ನೊಂದು ತುದಿಯನ್ನು ಎಡ ಎದೆಗೆ ಒರಗಿಸಿ ಕೂರಬೇಕು ಅಲ್ವಾ? ಕುರ್ಚಿಯಲ್ಲೇ ದಿನ ಕಳೆಯುವ ನಮ್ಮಂಥವರಿಗೆ 15 ನಿಮಿಷಕ್ಕೆ ಕಾಲು ಜೋಮು ಹಿಡಿಯುತ್ತದೆ. ಆಮೇಲೆ ಸೊಂಟ ಬಾಗುತ್ತದೆ, ಪಿಟೀಲು ಜಾರುತ್ತದೆ, ಅದನ್ನು ಹಿಡಿಯಲು ಎಡಗೈ ಹೋಗುತ್ತದೆ. ಇನ್ನು ಸ್ವರ ಎಲ್ಲಿಂದ ಬರಬೇಕು? ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಕೂತುಕೊಳ್ಳಿ. ಸೊಂಟ ಮೊಣಕಾಲಿಗಿಂತ ಸ್ವಲ್ಪ ಮೇಲೆ ಬಂದರೆ ಅರ್ಧ ಜಗಳ ಮುಗಿಯುತ್ತದೆ. ಪಾದದ ಗಂಟಿನ ಮೇಲೆ ಒಂದು ಸಣ್ಣ ಟವೆಲ್.

ಕಮಾನು ಮೇಷ್ಟ್ರು:

ಉಡುಪಿ ಕಡೆ ಪಾಠ ಮಾಡುತ್ತೇನೆ, ಹೆಸರು ಬೇಡ. ದೊಡ್ಡವರು ಬಂದು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಬೆರಳಿನದ್ದೇ. ನಾನು ಮೊದಲು ನೋಡುವುದು ಬಲಗೈ. ಎಡಗೈ ತಪ್ಪಿದರೆ ಅಪಸ್ವರ ಬರುತ್ತದೆ. ಬಲಗೈ ತಪ್ಪಿದರೆ ಕಿರುಚುತ್ತದೆ. ನೀವು ಬರೆದ ಬಾಗಿಲು, ಮಿಕ್ಸಿ, ಎರಡೂ ಬಲಗೈಯದ್ದು.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಮಾನಿನಲ್ಲಿ 150ರಿಂದ 200 ಕುದುರೆ ಬಾಲದ ಕೂದಲು ಇರುತ್ತವೆ. ರೋಸಿನ್ (ಅಂಟು ಬರುವ ಮರದ ರಾಳ) ಹಚ್ಚಿದ ಕೂದಲು ತಂತಿಯನ್ನು ಅಂಟಿಸಿಕೊಂಡು ಎಳೆಯುತ್ತದೆ. ತಂತಿ ಕಿತ್ತುಕೊಂಡು ಹಿಂದೆ ಹೋಗುತ್ತದೆ. ಮತ್ತೆ ಅಂಟುತ್ತದೆ. ನೀವು ಬಿಳಿ ಐದಕ್ಕೆ (ಹಾರ್ಮೋನಿಯಂನ ಐದನೆಯ ಬಿಳಿ ಮನೆಗೆ) ಶ್ರುತಿ ಮಾಡಿದ್ದರೆ ಮಧ್ಯ ಷಡ್ಜದ ತಂತಿಯಲ್ಲಿ ಇದು ಸೆಕೆಂಡಿಗೆ ಸುಮಾರು 392 ಸಲ ನಡೆಯುತ್ತದೆ. ಜಾಸ್ತಿ ಒತ್ತಿದರೆ ತಂತಿಗೆ ಹೊತ್ತಿಗೆ ಸರಿಯಾಗಿ ಬಿಡಿಸಿಕೊಳ್ಳಲಾಗದೆ ಗರಗರ ಎನ್ನುತ್ತದೆ. ಒತ್ತದೆ ಸರ್ರನೆ ಓಡಿಸಿದರೆ ಅಂಟುವುದೇ ಇಲ್ಲ, ಸೀಟಿ ಹೊಡೆಯುತ್ತದೆ. ಈ ಎರಡರ ನಡುವಿನ ಜಾಗವನ್ನು ಕೈಯೇ ಹುಡುಕಬೇಕು, ಬಾಯಲ್ಲಿ ಹೇಳಿಕೊಡಲು ನನಗೆ ಬರುವುದಿಲ್ಲ.

ಇನ್ನು ನಿಮ್ಮ ಮೇಲಿನ ಮನೆಯವರ ವಿಷಯ. ಅವರಿಗೆ ಕೇಳಿಸಬಾರದು ಎಂದು ನೀವು ಸಣ್ಣ ಕಮಾನು ಹಾಕುತ್ತಿದ್ದೀರಿ ಎಂದು ನನ್ನ ಅಂದಾಜು. 65 ಸೆಂ.ಮೀ. ಕೂದಲಿನಲ್ಲಿ ನಡುವಿನ 10 ಸೆಂ.ಮೀ. ಮಾತ್ರ, ಅದೂ ಬಿಗಿ ಹಿಡಿದು. ಕರ್ಕಶ ಬರುವುದು ಅದರಿಂದಲೇ. ದಿನಾ ಮೊದಲ 20 ನಿಮಿಷ ಎಡಗೈಯನ್ನು ಮಡಿಲಲ್ಲಿಟ್ಟು ಬರೀ ಖಾಲಿ ತಂತಿ ನುಡಿಸಿ. ಬುಡದಿಂದ ತುದಿಯವರೆಗೆ ಪೂರ್ತಿ ಕಮಾನು. ಕುದುರೆಗೆ, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡಿಗೆ, ಸಮಾನಾಂತರವಾಗಿ ಹೋಗುತ್ತದಾ ಎಂದು ಎದುರಿಗೆ ಕನ್ನಡಿ ಇಟ್ಟು ನೋಡಿ. ಬೇಸರ ಬರುತ್ತದೆ. ಬರಲಿ.

ಬಿಜೈ ಬಾಲ್ಕನಿ:

ಸರ್, ನನ್ನ ಮನೆಗೆ ಬಂದು ನೋಡಿದ ಹಾಗೆ ಬರೆದಿದ್ದೀರಿ. ಬಾಗಿಲು, ಕಿಟಕಿ ಹಾಕಿ, ಟಿವಿ ಜೋರು ಮಾಡಿ, ಅದರ ಮರೆಯಲ್ಲಿ ಸಣ್ಣಗೆ ನುಡಿಸುತ್ತಿದ್ದೆ. ಬೆರಳಿನ ಬಗ್ಗೆಯೂ ಒಂದು ಮಾತು ಹೇಳಿ. ರಿಷಭಕ್ಕೂ ಗಾಂಧಾರಕ್ಕೂ ನಡುವೆ ಬೆರಳು ಸೀಳಿ ಹೋಗುವ ಹಾಗೆ ನೋವು.

ಕಮಾನು ಮೇಷ್ಟ್ರು:

ಅದು ಸರಳೆ ಕಲಿಸುವ ರಾಗ ಮಾಯಾಮಾಳವಗೌಳದ ಕಾಟ. ಅದರ ಉಪಕಾರವೂ ಅಲ್ಲೇ ಇದೆ. ಪೂರ್ಣ ಸೈಜಿನ ಪಿಟೀಲಿನಲ್ಲಿ ನಾದ ಕೊಡುವ ತಂತಿಯ ಉದ್ದ ಸುಮಾರು 33 ಸೆಂ.ಮೀ. ಷಡ್ಜ ಖಾಲಿ ತಂತಿ. ಶುದ್ಧ ರಿಷಭಕ್ಕೆ ತೋರುಬೆರಳು ತಂತಿಯ ಬಿರಡೆ ಕಡೆಯ ತುದಿಯಿಂದ ಎರಡು ಸೆಂ.ಮೀ. ಒಳಗೇ ಬೀಳಬೇಕು. ಅಂತರ ಗಾಂಧಾರಕ್ಕೆ ನಡುಬೆರಳು ಅಲ್ಲಿಂದ ಸುಮಾರು ಐದು ಸೆಂ.ಮೀ. ದೂರ. ಮಧ್ಯಮಕ್ಕೆ ಉಂಗುರಬೆರಳು ಬರೀ ಒಂದೂವರೆ ಸೆಂ.ಮೀ. ಆಚೆ, ಹೆಚ್ಚುಕಡಿಮೆ ನಡುಬೆರಳಿಗೆ ತಾಗಿಕೊಂಡೇ. ಪಂಚಮಕ್ಕೆ ಮುಂದಿನ ತಂತಿ ಖಾಲಿ. ಅಲ್ಲಿಂದ ಧ, ನಿ, ಸ ಎಂದರೆ ರಿ, ಗ, ಮ ಹಿಡಿದ ಬೆರಳುಗಳೇ, ಅದೇ ಅಂತರದಲ್ಲಿ. ಅಂದರೆ ಕೈ ಒಂದು ಅಚ್ಚು ಕಲಿತರೆ ಇಡೀ ಸ್ಥಾಯಿ ಬಂತು. ಗಾಯಕರಿಗೆ ಈ ಅನುಕೂಲ ಕಣ್ಣಿಗೆ ಕಾಣುವುದಿಲ್ಲ, ನಮಗೆ ಕಾಣುತ್ತದೆ.

ನೋವಿದ್ದರೆ ತೋರುಬೆರಳನ್ನು ರಿಷಭದಲ್ಲೇ ಒತ್ತಿ ಹಿಡಿಯಬೇಡಿ. ಹಗುರ ಬಿಟ್ಟು ಗಾಂಧಾರಕ್ಕೆ ಹೋಗಿ. ಮಣಿಕಟ್ಟು ಒಳಗೆ ಮಡಿಸಬೇಡಿ. ಹಾಗೆ ಮಾಡಿಯೂ ನೋವು ನಿಲ್ಲದಿದ್ದರೆ ತಂತಿ ತೀರಾ ಎತ್ತರ ಇದೆಯೋ ಏನೋ. ಆ ಪಿಟೀಲು ಎಲ್ಲಿಂದ ತಂದದ್ದು?

ಬಿಜೈ ಬಾಲ್ಕನಿ:

ಆನ್‌ಲೈನ್‌ನಲ್ಲಿ. 6,500 ರೂಪಾಯಿ. ಕುದುರೆ ಬೇರೆಯಾಗಿ ಒಂದು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬಂದಿತ್ತು. ವಿಡಿಯೋ ನೋಡಿ ನಾನೇ ನಿಲ್ಲಿಸಿದೆ.

ಕಮಾನು ಮೇಷ್ಟ್ರು:

ಅದನ್ನು ಮೊದಲೇ ಹೇಳಬಾರದಿತ್ತಾ! ಹಾಗೆ ಬರುವ ಕುದುರೆ ಹೆಚ್ಚಾಗಿ ದಪ್ಪ ಇರುತ್ತದೆ, ಎತ್ತರ ಇರುತ್ತದೆ. ಅದರ ಕಾಲನ್ನು ಪಿಟೀಲಿನ ಹೊಟ್ಟೆಯ ಉಬ್ಬಿಗೆ ಸರಿಯಾಗಿ ಕೆತ್ತಿ ಕೂರಿಸಬೇಕು, ಮೇಲಿನ ಅಂಚನ್ನು ತೆಗೆಯಬೇಕು. ಮುಂದಿನ ಕ್ಲಾಸಿಗೆ ಹೋದಾಗ ನಿಮ್ಮ ಗುರುಗಳಿಗೆ ತೋರಿಸಿ.

ಜೆಪ್ಪು ಕ್ವಾಯರ್:

ನಾನು ಇಗರ್ಜಿಯ ಕ್ವಾಯರ್‌ನಲ್ಲಿ ವಯಲಿನ್ ನುಡಿಸುವವನು. ನಮ್ಮದು ಗದ್ದದ ಕೆಳಗೆ ಇಟ್ಟು ನಿಂತು ನುಡಿಸುವ ಕ್ರಮ, ಎದುರಿಗೆ ನೊಟೇಶನ್. 52ಕ್ಕೆ ಕಲಿತೆ, ಹಾಗಾಗಿ ಬಿಜೈಯವರು ನನಗೆ ಯುವಕರು. ಸ್ಟಿಕ್ಕರ್ ಬಗ್ಗೆ ಹೇಳುತ್ತೇನೆ: ನಾನು ಅಂಟಿಸಿದ್ದೆ. ಏನೂ ಪಾಪ ಆಗಲಿಲ್ಲ. ಒಂದು ವರ್ಷದಲ್ಲಿ ಬೆವರಿಗೆ ತಾನೇ ಕಿತ್ತು ಬಂತು, ಅಷ್ಟರಲ್ಲಿ ಕೈಗೆ ಜಾಗ ಗೊತ್ತಾಗಿತ್ತು.

ಸದ್ದಿಗೆ ಒಂದು ಮದ್ದು ಉಂಟು. ಮ್ಯೂಟ್ ಅಂತ ಸಿಗುತ್ತದೆ, ಕುದುರೆಯ ಮೇಲೆ ಸಿಕ್ಕಿಸುವ ರಬ್ಬರ್ ತುಂಡು. ಕಡಿಮೆ ದುಡ್ಡಿಗೆ ಬರುತ್ತದೆ. ನಾನು ಮೊದಲು ಪಾರ್ಕಿಂಗ್‌ನಲ್ಲಿ ಕಾರಿನ ಪಕ್ಕ ನಿಂತು ನುಡಿಸುತ್ತಿದ್ದೆ, ವಾಚ್‌ಮನ್ ಎರಡು ದಿನ ನೋಡಿ ಮೂರನೇ ದಿನ ಕುರ್ಚಿ ದೂರ ಹಾಕಿಕೊಂಡ.

ಕಪ್ಪು ಎರಡು:

ಸ್ಟಿಕ್ಕರ್ ಬೇಡ ಎನ್ನುವ ಪಕ್ಷ ನನ್ನದು. ಕ್ವಾಯರ್‌ನವರಿಗೆ ಅದು ನಡೆಯುತ್ತದೋ ಏನೋ. ಕರ್ನಾಟಕ ಸಂಗೀತದಲ್ಲಿ ಸ್ವರ ಒಂದು ಚುಕ್ಕೆಯಲ್ಲಿ ನಿಲ್ಲುವುದೇ ಕಡಿಮೆ. ನಾಳೆ ಗಮಕ ಬಂದಾಗ ಬೆರಳು ಜಾರಬೇಕು, ತೂಗಬೇಕು. ಸ್ಟಿಕ್ಕರ್ ಎಲ್ಲಿಗೆ ಅಂಟಿಸುತ್ತೀರಿ? ಕಣ್ಣಿಗೆ ಅಭ್ಯಾಸ ಮಾಡಿಸಿದರೆ ಕಿವಿ ಸೋಮಾರಿಯಾಗುತ್ತದೆ.

ನಾನು ಯಕ್ಷಗಾನ ಭಾಗವತಿಕೆ ಹವ್ಯಾಸಕ್ಕೆ ಕಲಿತು ಆಮೇಲೆ ಪಿಟೀಲಿಗೆ ಬಂದವ. ನಮಗೆ ಮೊದಲು ಕಲಿಸಿದ್ದು ಶ್ರುತಿಗೆ ಗಂಟಲು ಸೇರಿಸುವುದು. ಪಿಟೀಲಿಗೂ ಅದನ್ನೇ ಮಾಡುತ್ತೇನೆ. ಸಾಲನ್ನು ಮೊದಲು ಬಾಯಲ್ಲಿ ಹಾಡುತ್ತೇನೆ, ಆಮೇಲೆ ನುಡಿಸುತ್ತೇನೆ. ಹಾಡಲಿಕ್ಕೆ ಬಾರದ್ದು ಕೈಯಲ್ಲೂ ಬಂದದ್ದಿಲ್ಲ.

ಜೆಪ್ಪು ಕ್ವಾಯರ್:

ಭಾಗವತರೇ, ನಮ್ಮಲ್ಲೂ ಕಿವಿ ಉಂಟು. ಅವರು ಇನ್ನೂ ಸರಳೆಯಲ್ಲಿದ್ದಾರೆ, ಗಮಕಕ್ಕೆ ಮುಟ್ಟುವಾಗ ಸ್ಟಿಕ್ಕರ್ ತೆಗೆದರಾಯಿತು.

ಮಣಿಪಾಲದ ಮಳೆ:

ನಾನು ನಡುವಿನ ದಾರಿ ಹಿಡಿದೆ. ಮಧ್ಯಮಕ್ಕೆ ಮಾತ್ರ ಪೆನ್ಸಿಲಿನ ಒಂದು ಸಣ್ಣ ಗೆರೆ. ಉಳಿದದ್ದನ್ನು ಅದರಿಂದ ಹುಡುಕುವುದು. ಜೊತೆಗೆ ತಂಬೂರಿ ಆಪ್ ಯಾವಾಗಲೂ ಓಡುತ್ತಿರಬೇಕು. ಎರಡು ಮೂರು ಮಿಲಿಮೀಟರ್ ಸರಿದರೂ ತಂಬೂರಿಯ ಎದುರು ಕೂಡಲೇ ಸಿಕ್ಕಿಬೀಳುತ್ತದೆ.

ರಥಬೀದಿ ಹಳಬ:

ಬಿರಡೆಯ ವಿಷಯಕ್ಕೆ ಯಾರೂ ಬರಲಿಲ್ಲವಲ್ಲ. ಅದಕ್ಕೆ ನಾನು ಬರೆಯುತ್ತೇನೆ. ವಯಸ್ಸು 68. ಪಿಟೀಲು ಚೆನ್ನಾಗಿ ನುಡಿಸಲು ಬಾರದು, ಆದರೆ ನಮ್ಮ ಮಳೆಯಿಂದ ಅದನ್ನು ಉಳಿಸಲು ಬರುತ್ತದೆ.

ಬಿರಡೆ ಮರದ್ದು, ಅದು ಕೂರುವ ತೂತೂ ಮರದ್ದು. ಜೂನ್‌ನಲ್ಲಿ ಗಾಳಿಯ ತೇವ ಕುಡಿದು ಉಬ್ಬುತ್ತದೆ, ಕಚ್ಚಿಕೊಳ್ಳುತ್ತದೆ. ಅದೇ ಪಿಟೀಲನ್ನು ಜನವರಿಯಲ್ಲಿ ಬೆಂಗಳೂರಿಗೆ ತೆಗೆದುಕೊಂಡು ಹೋಗಿ ನೋಡಿ, ಕುಗ್ಗಿ ಸರ್ರನೆ ಜಾರುತ್ತದೆ. ಬಲ ಹಾಕಿದರೆ ಬಿರಡೆಯ ಕುತ್ತಿಗೆ ಮುರಿಯುತ್ತದೆ, ಇಲ್ಲವೇ ಅದು ಕೂತ ಪೆಟ್ಟಿಗೆ ಸೀಳುತ್ತದೆ. ಎರಡು ಮೂರು ದಿನ ಒಣ ಕೋಣೆಯಲ್ಲಿ, ಬೀರುವಿನಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಆಮೇಲೆ ನಿಧಾನ ಹಿಂದೆ ಮುಂದೆ ಅಲ್ಲಾಡಿಸಿ. ಸಡಿಲವಾದ ಮೇಲೆ ಒಂದೊಂದಾಗಿ ತೆಗೆದು, ತಿಕ್ಕುವ ಜಾಗಕ್ಕೆ ಒಣ ಸಾಬೂನು ಸ್ವಲ್ಪ ಉಜ್ಜಿ. ಮುಂದೆ ಜಾರಲು ಶುರುವಾದರೆ ಸೀಮೆಸುಣ್ಣ. ನಾಲ್ಕು ತಂತಿಯನ್ನೂ ಒಟ್ಟಿಗೆ ಮಾತ್ರ ಬಿಚ್ಚಬೇಡಿ. ಒತ್ತಡ ಹೋದರೆ ಕುದುರೆ ಬೀಳುತ್ತದೆ, ಹೊಟ್ಟೆಯೊಳಗೆ ನಿಂತಿರುವ ಸಣ್ಣ ಕಂಬವೂ ಬೀಳಬಹುದು. ಸೌಂಡ್ ಪೋಸ್ಟ್ ಎನ್ನುತ್ತಾರೆ. ಅದನ್ನು ಅಂಟು ಹಾಕಿ ಕೂರಿಸಿರುವುದಿಲ್ಲ, ಒತ್ತಡದಲ್ಲೇ ನಿಂತಿರುತ್ತದೆ. ಬಿದ್ದರೆ ಮತ್ತೆ ನಿಲ್ಲಿಸುವುದು ನಮ್ಮ ನಿಮ್ಮ ಕೆಲಸ ಅಲ್ಲ.

ನುಡಿಸಿ ಆದ ಮೇಲೆ ಕಮಾನಿನ ತಿರುಪು ಸಡಿಲ ಮಾಡಿ. ಮಳೆಗಾಲದಲ್ಲಿ ಕೂದಲು ಉದ್ದವಾಗುತ್ತದೆ, ಎಷ್ಟು ತಿರುಗಿಸಿದರೂ ಬಿಗಿಯಾಗುವುದಿಲ್ಲ. ಹಾಗೆಂದು ಪೂರ್ತಿ ಬಿಗಿದು ಇಟ್ಟರೆ ಹವೆ ಒಣಗಿದ ದಿನ ಕೂದಲು ಕುಗ್ಗಿ ಕೋಲನ್ನೇ ಎಳೆಯುತ್ತದೆ. ತಂತಿಯನ್ನು ಹತ್ತಿ ಬಟ್ಟೆಯಲ್ಲಿ ಒರೆಸಿ. ನಮ್ಮ ಬೆವರು, ನಮ್ಮ ಸಮುದ್ರದ ಗಾಳಿ ಎರಡೂ ಸೇರಿದರೆ ಉಕ್ಕಿನ ತಂತಿಗೆ ತುಕ್ಕು ಬರಲು ಹೆಚ್ಚು ದಿನ ಬೇಡ. ಬಿಸಿಲಿಗೆ ನಿಂತ ಕಾರಿನಲ್ಲಿ ಬಿಟ್ಟರೆ ಮರ ಕೂಡಿಸಿದ ಅಂಟು ಬಿಡುತ್ತದೆ.

ಈಗ ನನ್ನ ಮೂರ್ಖತನ. ಮೊದಲ ಮಳೆಗಾಲದಲ್ಲಿ ಬಿರಡೆ ಕಚ್ಚಿತು. ಕರಾವಳಿಯವರಿಗೆ ಕೀಲು ಕಚ್ಚಿದರೂ, ತಲೆ ನೋವಾದರೂ ಮದ್ದು ಒಂದೇ ಅಲ್ವಾ? ತೆಂಗಿನೆಣ್ಣೆ ಬಿಟ್ಟೆ. ಮರ ಎಣ್ಣೆ ಕುಡಿಯಿತು. ಉಳಿದದ್ದು ತಂತಿಗೆ ಇಳಿಯಿತು, ತಂತಿಯಿಂದ ಕಮಾನಿನ ಕೂದಲಿಗೆ. ಆಮೇಲೆ ಎಷ್ಟು ರೋಸಿನ್ ತಿಕ್ಕಿದರೂ ಸದ್ದೇ ಇಲ್ಲ. ಮೇಲಿನ ಮನೆಯವರ ಕಷ್ಟ ಮುಗಿಯಿತು ಎನ್ನಿ! ಕೂದಲು ಪೂರ್ತಿ ಬದಲಿಸಬೇಕಾಯಿತು. ರಿಪೇರಿಯ ಅಂಗಡಿಯವ ಕಮಾನನ್ನು ಮೂಸಿ ನೋಡಿ, "ಒಗ್ಗರಣೆ ಹಾಕಿದ್ದಾ?" ಎಂದ.

ಸುಮ್ನೆ ಓದುಗ:

ಹಳಬರೇ, ನಗಾಡಿ ಚಹಾ ಚೆಲ್ಲಿಕೊಂಡೆ.

ಕಪ್ಪು ಎರಡು:

ಇಲ್ಲಿ ಒಂದು ಸಂಶಯ. ಕ್ವಾಯರ್‌ನವರ ಶ್ರುತಿಗೂ ನಮ್ಮದಕ್ಕೂ ತಂತಿ ಬೇರೆ ಬೇರೆ ಬೇಕಾ? ನನ್ನ ಮಗಳಿಗೆ ಶಾಲೆಯಲ್ಲಿ ವೆಸ್ಟರ್ನ್ ಕಲಿಸುತ್ತಾರೆ, ಮನೆಯಲ್ಲಿ ಇರುವುದು ಒಂದೇ ವಯಲಿನ್.

ಕಮಾನು ಮೇಷ್ಟ್ರು:

ತಂತಿ ಅವೇ ಸಾಕು. ಅವರು ಜಿ, ಡಿ, ಎ, ಇ ಎಂದು ಕೂಡಿಸುತ್ತಾರೆ. ನಾವು ಸ, ಪ, ಸ, ಪ. ಬಿಳಿ ಐದು ಅಂದರೆ ಜಿ. ಹಾಗಾಗಿ ಆ ಶ್ರುತಿಗೆ ಕೆಳಗಿನ ಎರಡು ತಂತಿ ಇದ್ದಲ್ಲೇ ಇರಲಿ. ಎ ತಂತಿಯನ್ನು ಜಿಗೆ, ಇ ತಂತಿಯನ್ನು ಡಿಗೆ ಇಳಿಸಿದರೆ ಆಯಿತು. ಆದರೆ ದಿನಾ ಏರಿಸಿ ಇಳಿಸಿ ಮಾಡಿದರೆ ತಂತಿ ಬೇಗ ಹೋಗುತ್ತದೆ, ಕುದುರೆಯೂ ವಾಲುತ್ತದೆ.

ಜೆಪ್ಪು ಕ್ವಾಯರ್:

ಒಟ್ಟಿನಲ್ಲಿ ಪಿಟೀಲು ನಮ್ಮಿಂದ ನಿಮಗೆ ಬಂದದ್ದು ಅಂತ ಒಪ್ಪಿಕೊಳ್ಳಿ.

ರಥಬೀದಿ ಹಳಬ:

ಒಪ್ಪಿದೆ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು (1786–1859) ಮದರಾಸಿನಲ್ಲಿ ಯುರೋಪಿನವರೊಬ್ಬರಿಂದ ಕಲಿತು ಅದನ್ನು ನಮ್ಮ ಸಂಗೀತಕ್ಕೆ ತಂದರು. ಆದರೆ ಕೂರಿಸಿದ್ದು ನಾವು! ನೆಲಕ್ಕೆ ಕೂತು, ಪಾದಕ್ಕೂ ಎದೆಗೂ ನಡುವೆ ಗಟ್ಟಿ ಸಿಕ್ಕಿಸಿದ್ದರಿಂದ ಎಡಗೈಗೆ ಪಿಟೀಲು ಹೊರುವ ಕೆಲಸ ತಪ್ಪಿತು, ತಂತಿಯುದ್ದಕ್ಕೂ ಜಾರಲಿಕ್ಕಾಯಿತು. ಮೈಸೂರಿನ ಚೌಡಯ್ಯನವರು ಇನ್ನೂ ಮೂರು ತಂತಿ ಸೇರಿಸಿ ಏಳು ಮಾಡಿದರು, ನಾದ ದೊಡ್ಡದಾಗಿ ದೂರ ಕೂತವರಿಗೂ ಕೇಳಲಿ ಎಂದು. ಅಷ್ಟು ದೂರ ಯಾಕೆ, ನಮ್ಮ ಕದ್ರಿ ಗೋಪಾಲನಾಥರು ನಾಗಸ್ವರದ ಮನೆಯವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಅದರ ಹಿಂದೆ ಬಿದ್ದರು. ಬ್ಯಾಂಡಿನ ವಾದ್ಯದಲ್ಲಿ ಗಮಕ ಬರಿಸಲು ವರ್ಷಗಟ್ಟಲೆ ಗುದ್ದಾಡಿದರು.

ಮಣಿಪಾಲದ ಮಳೆ:

ಬಿಜೈಯವರೇ, ಸಂಗೀತದ ಜೂನಿಯರ್ ಪರೀಕ್ಷೆ ಕಟ್ಟುವ ಯೋಚನೆ ಉಂಟಾ? ನಾನು ಕಟ್ಟಿದೆ. ಮಕ್ಕಳ ಸಾಲಿನಲ್ಲಿ ಹಾಲ್ ಟಿಕೆಟ್ ಹಿಡಿದು ನಿಂತಾಗ ಒಬ್ಬರು "ಮೇಡಂ, ಪೋಷಕರು ಆ ಕಡೆ" ಎಂದರು. ಆದರೂ ಪರೀಕ್ಷೆ ಇದ್ದದ್ದರಿಂದ ಸಾಧನೆ ತಪ್ಪಲಿಲ್ಲ.

ಕಪ್ಪು ಎರಡು:

ಬೇಡ ಅನ್ನುತ್ತೇನೆ. ಆಫೀಸಿನಲ್ಲಿ ಟಾರ್ಗೆಟ್, ಮನೆಯಲ್ಲೂ ಟಾರ್ಗೆಟ್. ಅದರ ಬದಲು ಹತ್ತಿರದ ಭಜನಾ ಮಂದಿರದಲ್ಲಿ ಹಾರ್ಮೋನಿಯಂ ಪಕ್ಕ ಕೂತುಕೊಳ್ಳಿ. ಪಲ್ಲವಿ ಮಾತ್ರ ಹಿಡಿಯಿರಿ, ಬಾರದ ಕಡೆ ಷಡ್ಜ ಎಳೆಯಿರಿ. ಚಕ್ಕತಾಳದ ನಡುವೆ ತಪ್ಪು ಯಾರಿಗೆ ಕೇಳುತ್ತದೆ? ಮುಖ್ಯ, ನಿಮಗೇ ಕೇಳುವುದಿಲ್ಲ.

ಕಮಾನು ಮೇಷ್ಟ್ರು:

ಇದು ಒಳ್ಳೆಯ ಮಾತು. ಶ್ರುತಿ ಮಾತ್ರ ಮೊದಲು ಕೇಳಿಕೊಳ್ಳಿ. ಎಲ್ಲ ಮಂದಿರಕ್ಕೂ ಬಿಳಿ ಐದು ಇರುವುದಿಲ್ಲ.

ಬಿಜೈ ಬಾಲ್ಕನಿ:

ಹತ್ತು ದಿನದ ನಂತರ ಬರುತ್ತಿದ್ದೇನೆ. ಎಲ್ಲರಿಗೂ ಥ್ಯಾಂಕ್ಸ್.

ಬೀರುವಿನಲ್ಲಿ ಮೂರು ದಿನ ಇಟ್ಟ ಮೇಲೆ ಬಿರಡೆ ಬಿಟ್ಟುಕೊಟ್ಟಿತು. ಗುರುಗಳು ಕುದುರೆ ನೋಡಿ ಏನೂ ಹೇಳಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಅದು ಬಿರಡೆಗಳ ಕಡೆಗೆ ವಾಲಿತ್ತು, ಎತ್ತರವೂ ಜಾಸ್ತಿ ಇತ್ತು. ಅವರ ಪರಿಚಯದ ಬಡಗಿಯೊಬ್ಬರು ಪಿಟೀಲು ರಿಪೇರಿ ಮಾಡುತ್ತಾರೆ, ಅವರು ಕೆತ್ತಿ ಸರಿ ಮಾಡಿದರು. ಈಗ ಬೆರಳಿಗೆ ಮೊದಲಿನಷ್ಟು ನೋವಿಲ್ಲ. ಶ್ರುತಿ ಮಾಡುವಾಗ ನಾಲ್ಕನೆಯ ತಂತಿ ಕಡಿಯಿತು, ಹೊಸದು ಸೋಮವಾರ ಬರುತ್ತದಂತೆ. ಅಲ್ಲಿಯವರೆಗೆ ಮೂರು ತಂತಿಯ ಸಂಸಾರ.

ಟಿವಿ ಬಂದ್ ಮಾಡಿ, ಕಿಟಕಿ ತೆರೆದು, ಪೂರ್ತಿ ಕಮಾನಿನಲ್ಲಿ ಖಾಲಿ ತಂತಿ ನುಡಿಸುತ್ತಿದ್ದೇನೆ. ಸ್ಟಿಕ್ಕರ್ ಅಂಟಿಸಲಿಲ್ಲ, ಪೆನ್ಸಿಲ್ ಗೆರೆ ಒಂದು ಹಾಕಿದೆ. ಹತ್ತು ಸಲ ಎಳೆದರೆ ಎರಡು ಸಲ ನಿಜವಾದ ಪಿಟೀಲಿನ ಹಾಗೆ ಕೇಳುತ್ತದೆ. ನಿನ್ನೆಯಂತೂ ಸತತ ನಾಲ್ಕು ಸಲ ಬಂತು. ಹೆಂಡತಿ ಅಡುಗೆಮನೆಯಿಂದ ಇಣುಕಿ ನೋಡಿದಳು.

ಕಮಾನು ಮೇಷ್ಟ್ರು:

ಆ ನಾಲ್ಕು ಸಲ ಕೈ ಹೇಗಿತ್ತು ಎಂದು ನೆನಪಿದೆಯಾ?

ಬಿಜೈ ಬಾಲ್ಕನಿ:

ಇಲ್ಲ ಸರ್. ಆವಾಗ ನಾನು ಕುಕ್ಕರಿನ ವಿಷಲ್ ಎಣಿಸುತ್ತಿದ್ದೆ.